ಹಲಸಿನ ಮರದಡಿಯ ಇಪ್ಪತ್ತಾರು ಮಂದಿ

ಮೊಬೈಲ್ ಸಿಗ್ನಲ್ ನೋಡಿ ಯಾವ ಊರಿನಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಇರುತ್ತಾರೆಂದು ನಕ್ಷೆ ಮಾಡುವುದು ಮಣಿಪಾಲದ ಕಚೇರಿಯಲ್ಲಿ ವಿಭಾಳ ಕೆಲಸ. ಅಂಬಲಪಾಡಿಯ ತನ್ನ ಮನೆಗೆ ಗಂಡ ಊಟಕ್ಕೆ ಬಂದು ಹೋದದ್ದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕಾರ್ಕಳದ ಪೇಟೆಯಲ್ಲಿ ಎಷ್ಟು ಜನರೆಂದು ಕೇಳಿದರೆ ಮಾತ್ರ ಥಟ್ಟನೆ ಹೇಳುವಳು.

ಕಳೆದ ವರ್ಷ ಒಂದು ಟ್ರಸ್ಟಿನವರು, ತಮ್ಮ ಚಿಕಿತ್ಸಾ ಬಸ್ಸು ಎಲ್ಲೆಲ್ಲಿ ನಿಲ್ಲಬೇಕೆಂದು ಅವಳನ್ನು ಕೇಳಿದರು. ಇನ್ನಂಜೆಯ ಒಂದು ಗದ್ದೆಯಂಚಿನಲ್ಲಿ ದಿನಾ ಬೆಳಿಗ್ಗೆ ಇಪ್ಪತ್ತಾರು ಮಂದಿ ಕದಲದೆ ಇರುವುದು ನಕ್ಷೆಯಲ್ಲಿ ಕಂಡಿತು. ಸುತ್ತಲಿನ ಮನೆಗಳೆಲ್ಲ ಖಾಲಿ. "ಸ್ಥಳೀಯರ ನಿತ್ಯ ಸಮಾವೇಶ ಸ್ಥಳ" ಎಂದು ವಿಭಾ ವರದಿಯಲ್ಲಿ ಬರೆದಳು. ಆ ಮಾತು ಅವಳಿಗೇ ಎಷ್ಟು ಹಿಡಿಸಿತೆಂದರೆ, ಸಭೆಯಲ್ಲಿ ಅದನ್ನು ಎರಡು ಸಲ ಓದಿದಳು.

ಬಸ್ಸು ಎರಡು ವಾರ ಹೋಗಿ, ಒಬ್ಬರನ್ನೂ ಕಾಣದೆ ಮರಳಿತು.

"ನೀವೇ ಒಮ್ಮೆ ಬನ್ನಿ ಮೇಡಂ," ಎಂದರು ಬಸ್ಸಿನ ಡ್ರೈವರ್ ಮೊಯಿದಿನಬ್ಬ. "ಅಲ್ಲಿ ಒಂದು ಹಲಸಿನ ಮರ ಉಂಟು. ಅದಕ್ಕೆ ಬಿ.ಪಿ. ನೋಡುವುದಾ ಎಂತ?"

ವಿಭಾ ಹೋದಳು. ಮರದ ಕೊಂಬೆಯಲ್ಲಿ ಬಟ್ಟೆಯ ಚೀಲವೊಂದು ನೇತಾಡುತ್ತಿತ್ತು. ಇಣುಕಿದರೆ ಒಳಗೆ ಬರೀ ಮೊಬೈಲು!

"ಯಾರದು, ಚೀಲ ಮುಟ್ಟುವುದು?" ಪಕ್ಕದ ಮನೆಯ ಒಲಿಂಡಾ ಬಾಯಿ ಮಡಿಲ ಮಲ್ಲಿಗೆಯೊಂದಿಗೇ ಓಡಿ ಬಂದರು. ವಿಭಾ ತಾನು ಯಾರೆಂದು ಹೇಳಿದ ಮೇಲೆ ಅವರ ದನಿ ಇಳಿಯಿತು. "ನೆಟ್‌ವರ್ಕ್ ಸಿಗುವುದು ಈ ಮರದಲ್ಲಿ ಮಾತ್ರ ಮೇಡಂ. ಬೆಳಿಗ್ಗೆ ಎಲ್ಲರೂ ಹೂ ಕಟ್ಟುತ್ತಾ ಇರುತ್ತೇವೆ. ರಿಂಗ್ ಆದರೆ ಒಬ್ಬಳು ಬಂದು ಎತ್ತುತ್ತಾಳೆ."

"ಹಾಗಾದರೆ ಜನ ಎಲ್ಲಿರುತ್ತಾರೆ, ಬಾಯಮ್ಮ?"

"ಎಂತ ಕೇಳುತ್ತೀರಿ! ಜನ ಮನೆಯಲ್ಲಿರುತ್ತಾರೆ. ಮತ್ತೆ ಮರದಲ್ಲಿರುತ್ತಾರಾ?"

ಎರಡೆರಡು ಪದವಿ ಪಡೆದು ತಾನೊಂದು ಚೀಲಕ್ಕೆ ವೈದ್ಯರನ್ನು ಕಳುಹಿಸಿದೆನಲ್ಲ ಎಂದು ವಿಭಾಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಅಂದು ಮನೆಮನೆ ಹತ್ತಿಳಿದು ತಲೆ ಎಣಿಸಿದಳು. ಮೊಬೈಲೇ ಇಲ್ಲದ ಮುದುಕರು, ಮಕ್ಕಳು ಸೇರಿ ಎಪ್ಪತ್ತೊಂದು ಮಂದಿ. ಮುಂದಿನ ಸಭೆಯಲ್ಲಿ, ಬೇರೆಯವರು ಹೇಳಿ ನಗುವ ಮೊದಲೇ, ತನ್ನ ಕಥೆಯನ್ನು ತಾನೇ ಹೇಳಿ ನಗಿಸಿದಳು.

ಈಗ, ಕಟ್ಟಿದ ಹೂವೆಲ್ಲ ಪೇಟೆಗೆ ಹೋದ ಮೇಲೆ, ಹನ್ನೊಂದಕ್ಕೆ, ಬಸ್ಸು ಒಲಿಂಡಾ ಬಾಯಿಯ ಅಂಗಳಕ್ಕೇ ಬರುತ್ತದೆ. ಮೊದಲ ದಿನವೇ ಅವರಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಅಂದು ಬಸ್ಸಿನ ಜೊತೆ ಬಂದಿದ್ದ ವಿಭಾಳನ್ನು ಅವರು ದುರುಗುಟ್ಟಿ ನೋಡಿದರು.

"ನಿಮ್ಮ ಲೆಕ್ಕದಲ್ಲಿ ನಾನು ಇಲ್ಲದಿದ್ದಾಗ ಆರಾಮವಾಗಿದ್ದೆ, ಮಾರಾಯ್ತಿ!"