ಬಂದಳಿಕೆ ಬಿಡಿಸಿದ ಗುಂಡಿ ಅತ್ತೆ

ಬೀದಿಯವರೆಲ್ಲ ಅವಳನ್ನು ಗುಂಡಿ ಅತ್ತೆ ಎಂದೇ ಕರೆಯುತ್ತಿದ್ದರು. ಯಾರ ಅಂಗಿ ಹೊಲಿಗೆಗೆ ಬಂದರೂ, ಸಡಿಲವಾದ ಗುಂಡಿ ಕಂಡರೆ ಕೇಳದೆಯೇ ಬಿಗಿಮಾಡಿ ಕೊಡುವುದು ಅವಳ ರೂಢಿ. ಮೂವತ್ತು ವರ್ಷ ಅದೇ ಅಂಗಡಿ, ಅದೇ ಹೊಲಿಗೆ ಯಂತ್ರ, ಅದೇ ಕಿಟಕಿ. ಕಿಟಕಿಯಾಚೆ, ನೀರಿನ ಟ್ಯಾಂಕಿನ ಹಿಂದೆ, ಅರುವತ್ತು ಕಿತ್ತಳೆ ಮರಗಳ ಹಳೆಯ ತೋಟ. ಟ್ಯಾಂಕ್ ಕಾಯುತ್ತಿದ್ದವರು ಯಾವ ಕಾಲದಲ್ಲೋ ನೆಟ್ಟದ್ದು. ಈಗ ಹೇಳುವವರಿಲ್ಲ, ಕೇಳುವವರಿಲ್ಲ. ಸೂಜಿಗೆ ದಾರ ಪೋಣಿಸಿ ಕಣ್ಣು ದಣಿದಾಗ ಅತ್ತೆ ಆ ಕಡೆ ನೋಡಿ ಸುಧಾರಿಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಪುರಸಭೆಯ ಇಂಜಿನಿಯರ್ ಬಂದು ಮರಮರಕ್ಕೂ ಕೆಂಪು ಗೀಟು ಎಳೆಸತೊಡಗಿದರು. ಅತ್ತೆ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಓಡಿದಳು.

"ಏನ್ ಸಾರ್ ಇದು?"

"ಕಡೀತೀವಮ್ಮ. ಗಾಡಿ ನಿಲ್ಲಿಸೋಕೆ ಜಾಗ ಬೇಕು. ಹೇಗೂ ಸತ್ತಿರೋ ಮರಗಳು."

"ಸತ್ತಿಲ್ಲ ಸಾರ್. ಬಂದಳಿಕೆ ಕತ್ತು ಹಿಸುಕ್ತಾ ಇದೆ. ಸ್ವಲ್ಪ ತಲೆ ಎತ್ತಿ ನೋಡಿ."

ನಿಜ. ಕೊಂಬೆಕೊಂಬೆಯ ಮೇಲೂ ದಪ್ಪ ಎಲೆಯ ಬಂದಳಿಕೆ ಬೇರೂರಿ ಮರದ ಸಾರವನ್ನೇ ಹೀರುತ್ತಿತ್ತು. ಇಂಜಿನಿಯರ್ ನಕ್ಕರು. "ಆಯ್ತು, ಮುಂದಿನ ಫಸಲಿನ ತನಕ ಬಿಡ್ತೀನಿ. ಹಣ್ಣು ತೋರಿಸಿ, ಆಮೇಲೆ ಮಾತಾಡೋಣ."

ಅತ್ತೆ ಟೊಂಕ ಕಟ್ಟಿ ನಿಂತಳು. ಅವಳ ಭಾವ ಒಂದು ಕಾಲದಲ್ಲಿ ಬೇರೊಂದು ತೋಟದ ಮಾಲಿಯಾಗಿದ್ದವನು. "ಎಲೆ ಕಿತ್ರೆ ಮತ್ತೆ ಚಿಗುರತ್ತೆ. ಬಂದಳಿಕೆ ಕೂತ ಜಾಗದಿಂದ ಒಂದು ಗೇಣು ಕೆಳಗೇ ಕೊಂಬೆ ಕೊಯ್ಯಬೇಕು. ಬುಡದಲ್ಲಿ ಪಾತಿ ಮಾಡಿ ನೀರು ಕೊಡಬೇಕು" ಎಂದ. ಮೊದಲ ಭಾನುವಾರ ಬಂದವರು ಭಾವ ಮತ್ತು ಬೇಕರಿಯವನು, ಇಬ್ಬರೇ.

ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು ಛೇಡಿಸಿದ: "ಏನತ್ತೆ, ಮರಕ್ಕೂ ಗುಂಡಿ ಹಾಕ್ತೀರಾ?"

"ಹಾಕ್ತೀನಿ ಕಣೋ, ದೊಡ್ಡ ದೊಡ್ಡ ಗುಂಡಿ! ನಕ್ಕಿದ್ದು ಸಾಕು, ಗುದ್ದಲಿ ಹಿಡಿ ಬಾ."

ಬೀದಿಯೇ ನಕ್ಕಿತು. ಅವನು ನಾಚಿಕೊಂಡೇ ಬಂದ, ಹಿಂದೆಯೇ ಅವನ ಗಿರಾಕಿಗಳೂ ಬಂದರು. ಎರಡು ತಿಂಗಳಲ್ಲಿ ಗರಗಸ ಹಿಡಿಯದ ಮನೆಯಿರಲಿಲ್ಲ.

ಆದರೂ ಬೇಸಿಗೆಯಲ್ಲಿ ಆರು ಮರ ಒಣಗಿದವು. ಅತ್ತೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. "ನಾನೇ ಕೊಯ್ಸಿ ಕೊಂದೆ ಭಾವ."

"ಹೋದ ಆರನ್ನೇ ನೋಡ್ತಾ ಕೂರಬೇಡ. ಉಳಿದ ಐವತ್ನಾಲ್ಕು ನಿನ್ನನ್ನೇ ನೋಡ್ತಾ ಇವೆ" ಎಂದ ಭಾವ.

ಅವಳು ಮೂಗು ಒರೆಸಿಕೊಂಡು ಬಿಂದಿಗೆ ಎತ್ತಿಕೊಂಡಳು.

ಮರು ವರ್ಷ ಹೂವಾಯಿತು. ಬೀದಿಯ ತುಂಬ ಘಮ. ಒಣಹಾಕಿದ ಬಟ್ಟೆಗಳಿಗೂ ಅದೇ ವಾಸನೆ. ಕಾಯಿ ಕಟ್ಟಿ, ಬಣ್ಣ ತಿರುಗುವ ಹೊತ್ತಿಗೆ ಅತ್ತೆ ಉಳಿಕೆ ಬಟ್ಟೆಯಿಂದ ಚೀಲ ಹೊಲಿದು, ಬಾಯಿಗೆ ತಂತಿಯ ಬಳೆ ಕೂಡಿಸಿ, ಉದ್ದನೆಯ ಕೋಲುಗಳ ತುದಿಗೆ ಕಟ್ಟಿಸಿದಳು. ಒಂದು ಹಣ್ಣೂ ನೆಲಕ್ಕೆ ಬಿದ್ದು ಜಜ್ಜಿಹೋಗಬಾರದು ಎಂಬ ಹಟ.

ಕೊಯ್ಲು ಶುರುವಾದ ದಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಬುಟ್ಟಿಗಳು ಆಸ್ಪತ್ರೆಗೆ ಹೋದವು, ಆಮೇಲೆ ಶಾಲೆಗೆ, ಆಮೇಲೆ ಮನೆಮನೆಗೆ. ಟ್ಯಾಂಕಿನ ಕಟ್ಟೆಯ ಮೇಲೆ ದಾರಿಹೋಕರಿಗೆಂದೇ ಒಂದು ಬುಟ್ಟಿ.

ಇಂಜಿನಿಯರ್ ಬಂದರು. ಅತ್ತೆ ಒಂದು ಹಣ್ಣು ಕೈಗಿಟ್ಟಳು. ಸಿಪ್ಪೆ ಸುಲಿಯುವಾಗ ರಸ ಕಣ್ಣಿಗೇ ಚಿಮ್ಮಿತು. ಅವರು ಕಣ್ಣುಜ್ಜಿಕೊಂಡು ಒಂದು ತೊಳೆ ಬಾಯಿಗಿಟ್ಟರು, ಇನ್ನೊಂದನ್ನೂ ಇಟ್ಟರು. ಕೊನೆಗೆ ಹಣ್ಣೇ ಖಾಲಿ.

"ಮನೆಗೊಂದೆರಡು ತಗೊಂಡು ಹೋಗ್ಲಾ, ಅಮ್ಮ?"

ಬೀದಿ ಹೋ ಎಂದಿತು. ವಾರದೊಳಗೆ ಆದೇಶ ಬಂತು. ಆಸ್ಪತ್ರೆಯ ನರ್ಸ್ ಕಟ್ಟೆಯ ಮೇಲೆ ಹತ್ತಿ ಗಟ್ಟಿಯಾಗಿ ಓದಿದಳು: ಗಾಡಿಗಳ ಜಾಗ ಮಾರುಕಟ್ಟೆಯ ಹಿಂದಕ್ಕೆ, ತೋಟ ಬೀದಿಯವರ ಸುಪರ್ದಿಗೆ. ಸಿಳ್ಳೆ, ಚಪ್ಪಾಳೆ. ಕ್ಷೌರದಂಗಡಿಯವನು ಅತ್ತೆಗೆ ಜೈ ಎಂದು ಕೂಗಿದ.

"ಕೂಗಿದ್ದಾಯ್ತಲ್ಲ, ಬನ್ರೋ" ಎಂದಳು ಅತ್ತೆ, ಕೋಲು ಎತ್ತಿಕೊಳ್ಳುತ್ತಾ. "ಇನ್ನೂ ಹನ್ನೆರಡು ಮರದ ಹಣ್ಣು ಕೊಯ್ಯೋದು ಬಾಕಿ ಇದೆ."