ಓರಗಿತ್ತಿಯ ಮೂಗಿಗೆ ಹತ್ತದ ವಾಸನೆ

ನನ್ನ ಓರಗಿತ್ತಿಯನ್ನು ಕಣ್ಣಾರೆ ನೋಡುವ ಮೊದಲೇ ಅವಳ ಮೇಕೆಗಳ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮೈದುನನಿಗೆ ಹೆಣ್ಣು ನೋಡಿಕೊಂಡು ಬಂದ ಅತ್ತೆ, ಚಪ್ಪಲಿ ಬಿಡುತ್ತಾ ಬಿಡುತ್ತಾನೇ ಮಾವನಿಗೆ ವರದಿ ಒಪ್ಪಿಸಿದರು.

“ಹುಡುಗಿ ಚೆನ್ನಾಗಿದ್ದಾಳೆ, ಕೈಕಾಲು ಗಟ್ಟಿ. ಆದ್ರೆ ಮೇಕೆ ಬಿಟ್ಟು ಬರಲ್ಲ ಅಂತಾಳೆ.”

“ಎಷ್ಟಿದಾವೆ?”

“ಹಾಲು ಕೊಡೋವು ಎರಡು, ಹೋತ ಒಂದು.”

“ಹಂಗಾದ್ರೆ ಬೀಗರು ಇಲ್ಲೇ ಬಂದು ಇರ್ತಾರೆ ಅನ್ನು,” ಎಂದರು ಮಾವ.

ಕೈಯಲ್ಲಿದ್ದ ಪಾತ್ರೆ ಜಾರುವಷ್ಟು ನಕ್ಕಿದ್ದೆ. ಮದುವೆಯಾಗಿ ಬಂದ ದಿನ ಮಾತ್ರ ಯಾರಿಗೂ ನಗು ಬರಲಿಲ್ಲ. ಮೈದುನ ಲಾರಿ ಓಡಿಸುತ್ತಿದ್ದ. ಹೆಂಡತಿಯನ್ನೂ ಮೇಕೆಗಳನ್ನೂ ಒಂದೇ ಲಾರಿಯಲ್ಲಿ ಕರೆತಂದ. ಇವಳು ಗಂಡನ ಪಕ್ಕ ಕೂರುವುದು ಬಿಟ್ಟು ಹಿಂದುಗಡೆ ಹೋತದ ಕೊಂಬು ಹಿಡಿದು ನಿಂತಿದ್ದಳು. ಬೀದಿಯವರೆಲ್ಲ ಹೊಸ ಸೊಸೆಯನ್ನು ನೋಡಲು ಬಾಗಿಲಿಗೆ ಬಂದವರು, ಗಾಳಿ ತಿರುಗಿದ್ದೇ ಒಬ್ಬೊಬ್ಬರಾಗಿ ಒಳಗೆ ಹೋದರು. ಅತ್ತೆ ತಲೆ ಎತ್ತಲಿಲ್ಲ. ಇವಳಿಗೆ ಏನೂ ಗೊತ್ತಾಗಲಿಲ್ಲ. ಅಷ್ಟಗಲ ನಗುತ್ತಾ ಇಳಿದು, “ಅಕ್ಕಾ, ಇವನ ಹಗ್ಗ ಸ್ವಲ್ಪ ಹಿಡ್ಕೊಳ್ತೀರಾ?” ಎಂದು ನನ್ನ ಕೈಗೇ ಹಗ್ಗ ಕೊಟ್ಟಳು. ನಮ್ಮ ಪರಿಚಯ ಆದದ್ದು ಹೀಗೆ.

ಹೋತದ ವಾಸನೆ ಏನೆಂದು ತಿಳಿಯದವರಿಗೆ ಹೇಳುವುದು ಕಷ್ಟ. ಬೆದೆಯ ಕಾಲ ಬಂತೆಂದರೆ ಅದು ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹೊಯ್ದುಕೊಂಡು, ಅತ್ತರು ಬಳಿದುಕೊಂಡ ಮದುಮಗನ ಹಾಗೆ ಎದೆ ಸೆಟೆಸಿ ನಿಲ್ಲುತ್ತದೆ. ಮುಟ್ಟಿದ ಕೈಯನ್ನು ಎಷ್ಟು ಉಜ್ಜಿದರೂ ಬಿಡುವುದಿಲ್ಲ. ನನ್ನ ಓರಗಿತ್ತಿ ಹುಟ್ಟಿದಾಗಿನಿಂದ ಅದರ ನಡುವೆಯೇ ಬೆಳೆದವಳು. ಹಾಲು ಸೀದರೆ ನನಗಿಂತ ಮೊದಲು ಓಡುತ್ತಿದ್ದಳು, ಮಳೆ ಬರುವುದನ್ನು ಮೂಗಿನಲ್ಲೇ ಹೇಳುತ್ತಿದ್ದಳು. ಈ ಒಂದು ವಾಸನೆ ಮಾತ್ರ ಅವಳ ಮೂಗಿಗೆ ಹತ್ತುತ್ತಿರಲಿಲ್ಲ.

ಮನೆಯ ಹಿಂದಿನ ತುಂಡು ಹೊಲದಲ್ಲಿ ನೆಲದಿಂದ ಮೇಲೆತ್ತಿ ಹಲಗೆ ಹೊಡೆದು ಮೇಕೆಗಳಿಗೆ ಮನೆ ಮಾಡಿಕೊಂಡಳು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಇವಳು ಸೊಪ್ಪನ್ನು ಆಡಿಗೆ ಮುಟ್ಟಿಸುವ ಮೊದಲು ತಾನು ಕಚ್ಚಿ ನೋಡುತ್ತಿದ್ದಳು. ಕಹಿ ಸೊಪ್ಪು ತಿಂದರೆ ಹಾಲೂ ಕಹಿ ಎಂಬುದು ಅವಳ ಲೆಕ್ಕ. ಕೆಚ್ಚಲನ್ನು ಬಿಸಿನೀರಲ್ಲಿ ಒರೆಸಿ, ಮೊದಲ ಧಾರೆಯನ್ನು ನೆಲಕ್ಕೆ ಬಿಟ್ಟು, ಆಮೇಲೆ ಪಾತ್ರೆ ಹಿಡಿಯುತ್ತಿದ್ದಳು. ಕರೆದ ಹಾಲನ್ನು ತಕ್ಷಣ ಸೋಸಿ ತಣ್ಣೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಿದ್ದಳು. ಮೊಸರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೇತುಹಾಕಿ, ನೀರೆಲ್ಲ ಇಳಿದ ಮೇಲೆ ಉಪ್ಪು ಸವರಿ ಗಂಟಿನ ಸಮೇತ ಸ್ಟೀಲ್ ಡಬ್ಬಿಗೆ ಇಡುತ್ತಿದ್ದಳು. ಅಷ್ಟು ಬಿಳಿ, ಅಷ್ಟು ನಯವಾದ ಗಟ್ಟಿ ಮೊಸರನ್ನು ನಾನು ಬೇರೆಲ್ಲೂ ಕಂಡಿಲ್ಲ. ಉಳಿದ ಹಾಲಿನಲ್ಲಿ ಸಾಬೂನು ಮಾಡುತ್ತಿದ್ದಳು. ಇಷ್ಟೆಲ್ಲ ಚೊಕ್ಕಟ ಮಾಡಿದರೂ ಹೋತ ಹತ್ತಿರ ಇದ್ದರೆ ಹಾಲು ಅದರ ವಾಸನೆ ಎಳೆದುಕೊಳ್ಳುತ್ತದೆ. ಹಾಲು ಕೊಳ್ಳುತ್ತಿದ್ದವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ನಾಳೆಯಿಂದ ಬೇಡಮ್ಮಾ, ಮನೇಲಿ ಯಾರೂ ಕುಡಿಯಲ್ಲ,” ಎನ್ನುತ್ತಿದ್ದರು. ಬೆನ್ನ ಹಿಂದೆ ‘ಹೋತದಕ್ಕ’ ಎಂದು ಕರೆಯುತ್ತಿದ್ದರು.

ಅಷ್ಟರಲ್ಲಿ ಪಾಲಾಗಿ ಅವರು ಹಿಂದಿನ ಹೊಲದ ಪಕ್ಕ ಬೇರೆ ಮನೆ ಮಾಡಿದ್ದರು. ಅವಳಿಗೆ ಹುಟ್ಟಿದ್ದು ಒಬ್ಬಳೇ ಮಗಳು. ಆ ಹುಡುಗಿಯ ಶಾಲೆಯ ಬಟ್ಟೆ ಅವರ ಮನೆಯಲ್ಲಿ ಎಂದೂ ಇರಲಿಲ್ಲ. ನಮ್ಮ ಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಬೆಳಿಗ್ಗೆ ಬಂದು ನಮ್ಮ ಬಚ್ಚಲಲ್ಲಿ ಮುಖ ತೊಳೆದು, ಬಟ್ಟೆ ಬದಲಿಸಿ, ನಮ್ಮ ಬಾಗಿಲಿನಿಂದಲೇ ಶಾಲೆಗೆ ಹೋಗುತ್ತಿದ್ದಳು. ಪಕ್ಕದಲ್ಲಿ ಕೂರುವ ಹುಡುಗಿಯರು ಬೆಂಚು ಬದಲಿಸುತ್ತಿದ್ದರೆಂದು ನನಗೆ ಮಾತ್ರ ಹೇಳಿದ್ದಳು. ಅಮ್ಮ ಕೇಳಿದರೆ, “ದೊಡ್ಡಮ್ಮನ ಮನೇಲಿ ಕನ್ನಡಿ ದೊಡ್ಡದಿದೆ,” ಎನ್ನುವಳು. ಅಮ್ಮ ಪೆದ್ದಿಯಲ್ಲ. ಕನ್ನಡಿ ಕೊಂಡು ತರಲಿಲ್ಲ, ಮತ್ತೆ ಕೇಳಲೂ ಇಲ್ಲ. ಒಂದು ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು, ಕೂದಲಿನ ನೀರೂ ಆರದೆ ನನ್ನ ಅಡುಗೆಮನೆಗೆ ಬಂದು ನಿಂತಳು.

“ಅಕ್ಕಾ, ಒಂದ್ಸಲ ಮೂಸು.”

“ಏನೇ? ನಾನೇನು ನಾಯೀನಾ?”

“ನಾಯಿ ಆಗಿದ್ರೆ ನಾನು ಕೇಳ್ಬೇಕಾಗಿರ್ಲಿಲ್ಲ, ಅದೇ ಮೂಸ್ತಿತ್ತು. ಮೂಸಕ್ಕಾ, ಶಾಲೇಲಿ ತಾಯಂದಿರನ್ನ ಕರೆದಿದ್ದಾರೆ.”

ದೊಡ್ಡ ಹೆಂಗಸೊಬ್ಬಳ ಕತ್ತಿನ ಹಿಂದೆ, ಮೊಣಕೈ ಮಡಿಕೆಯಲ್ಲಿ ಮೂಗು ಇಡುವುದು ಎಂಥ ನಾಚಿಕೆಗೇಡು! ನನಗೆ ಮುಖ ಬಿಸಿಯಾಯಿತು. ಅವಳು ಗೋಡೆ ನೋಡುತ್ತಾ ನಿಂತಿದ್ದಳು. ವಾಸನೆ ಇತ್ತು. ಇದೆ ಎಂದೆ. ತಿರುಗಿ ಹೋಗಿ ಮತ್ತೆ ನೀರು ಸುರಿದುಕೊಂಡು ಬಂದಳು. ಆಗಲೂ ಇತ್ತು. “ಹಂಗಾದ್ರೆ ನೀನೇ ಹೋಗ್ಬಿಡು ಅಕ್ಕಾ,” ಎಂದಳು. ಅಂದಿನಿಂದ ಎಲ್ಲಿಗೆ ಹೊರಟರೂ ಮೊದಲು ನನ್ನ ಅಡುಗೆಮನೆಗೆ ಬಂದು ಗೋಡೆ ನೋಡಿಕೊಂಡು ನಿಲ್ಲುವುದು ರೂಢಿಯಾಯಿತು.

ಹೋತವನ್ನು ಕೊಟ್ಟುಬಿಡು ಎಂದರೆ, “ಹೋತ ಇಲ್ದೆ ಮರಿ ಇಲ್ಲ, ಮರಿ ಇಲ್ದೆ ಹಾಲಿಲ್ಲ. ಹಾಲಿಲ್ದೆ ನಾನು ಯಾಕೆ?” ಎನ್ನುವಳು. ಮೈದುನ ತೀರಿಕೊಂಡ ಮೇಲಂತೂ ಆ ಮಾತೇ ಎತ್ತುವ ಹಾಗಿರಲಿಲ್ಲ.

ಮಗಳು ಓದು ಮುಗಿಸಿ ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಯ ಯಜಮಾನತಿಯ ಮಗ ಮೆಚ್ಚಿ ಮದುವೆಯಾದ. ಬಟ್ಟೆಯವರ ಮನೆ! ಪ್ರಪಂಚದಲ್ಲಿ ಇನ್ನೊಂದು ವ್ಯಾಪಾರ ಇರಲಿಲ್ಲವೇ? ಬಟ್ಟೆಯಷ್ಟು ಬೇಗ ವಾಸನೆ ಹಿಡಿಯುವುದು ಬೇರೆ ಯಾವುದಿದೆ? ಬೀಗಿತ್ತಿ ಒಳ್ಳೆಯ ಹೆಂಗಸು, ಒಂದು ಕೆಟ್ಟ ಮಾತು ಆಡಿದವಳಲ್ಲ. ಇವಳು ಹೋದಾಗಲೆಲ್ಲ, “ಅಂಗಡೀಲಿ ಗಲಾಟೆ ಬೀಗಿತ್ತಿ, ಹಿಂದುಗಡೆ ಗಾಳಿ ಚೆನ್ನಾಗಿದೆ,” ಎಂದು ಹಿತ್ತಲಲ್ಲಿ ಕುರ್ಚಿ ಹಾಕಿಸುತ್ತಿದ್ದಳು, ಅಷ್ಟೇ.

ಮಗಳು ಬಸುರಿಯಾದಾಗ ಒಮ್ಮೆ ಬಂದಳು. “ಅಮ್ಮಾ, ಮಗು ಆದ್ಮೇಲೆ ನೀನು ಬಂದು ನನ್ನ ಜೊತೆ ಇರ್ಬೇಕು. ಆದ್ರೆ...” ಎಂದವಳು ಬಾಗಿಲ ಚಿಲಕ ಅಲ್ಲಾಡಿಸತೊಡಗಿದಳು. ಮರುದಿನವೇ ಓರಗಿತ್ತಿ ಹೋತವನ್ನು ಊರಾಚೆ ಇಟ್ಟಿಗೆ ಸುಡುವವನೊಬ್ಬನ ಹೊಲಕ್ಕೆ ಹೊಡೆದುಕೊಂಡು ಹೋಗಿ ಬಿಟ್ಟು ಬಂದಳು. ಬೇಕಾದಾಗ ಮೇಕೆಯನ್ನೇ ಅಲ್ಲಿಗೆ ಒಯ್ಯುವುದೆಂದು ಮಾತಾಯಿತು.

ಹೋತ ಎದುರಿಗಿಲ್ಲದೆ ಮೇಕೆ ಬೆದೆಗೆ ಬಂದದ್ದು ಸುಲಭವಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಅವರಲ್ಲಿ ಒಂದು ಉಪಾಯವಿದೆ. ಹೋತದ ಕೊಂಬಿನ ಬುಡದಲ್ಲಿ ಬಟ್ಟೆಯನ್ನು ಗಸಗಸ ಉಜ್ಜಿ, ಗಂಟು ಕಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು. ಆಗಾಗ ತೆಗೆದು ಮೇಕೆಯ ಮೂತಿಗೆ ಹಿಡಿಯುವುದು. ಬೆದೆಗೆ ಬಂದಿದ್ದರೆ ಅದು ಬಾಲ ಬಡಿದು ಕೂಗಾಡುತ್ತದೆ. ವಾಸನೆ ಹೊರಗೆ ಬರಬಾರದೆಂದು ಇವಳು ಮೊಸರಿಗೆ ಕೊಂಡಂಥದೇ ಸ್ಟೀಲ್ ಡಬ್ಬಿ ಅದಕ್ಕೂ ಇಟ್ಟಳು. ಅದರ ಜಾಗ ಮೇಕೆ ಮನೆಯ ಗೂಡು, ಮೊಸರಿನ ಡಬ್ಬಿಯ ಜಾಗ ಅಡುಗೆಮನೆಯ ಕಿಟಕಿ. ಆ ಬಟ್ಟೆಯನ್ನು ಇಕ್ಕಳದಲ್ಲೇ ಹಿಡಿಯುತ್ತಿದ್ದಳು, ಕೈ ಸೋಂಕಿಸುತ್ತಿರಲಿಲ್ಲ.

ಒಂದೆರಡು ತಿಂಗಳು ಕಳೆದು ಅಡುಗೆಮನೆಯಲ್ಲಿ ಗೋಡೆ ನೋಡುತ್ತಾ ನಿಂತವಳನ್ನು ಮೂಸಿ, “ಏನೂ ಇಲ್ಲ ಕಣೇ. ಸಾಬೂನು ವಾಸನೆ,” ಎಂದೆ. ನಂಬಲಿಲ್ಲ. ಕೂದಲು ಬಿಚ್ಚಿ ಇನ್ನೊಮ್ಮೆ ಮೂಸಿಸಿದಳು. ಆಮೇಲೆ ಒಲೆಯ ಪಕ್ಕ ಕುಳಿತು ಮುಖ ಮುಚ್ಚಿಕೊಂಡಳು. ಹೆರಿಗೆಗೆ ಹೋಗಿ ಮಗಳ ಹತ್ತಿರ ಇದ್ದು, ಮೊಮ್ಮಗಳಿಗೆ ಎಣ್ಣೆ ಹಚ್ಚಿ ನೀರೆರೆದು ಬಂದಳು. ಅಲ್ಲಿಂದ ಬಂದಾಗ ಅವಳ ನಡಿಗೆಯೇ ಬೇರೆಯಾಗಿತ್ತು.

ಮಗು ಕೂರಲು ಕಲಿತ ಹೊತ್ತಿಗೆ ಬೀಗಿತ್ತಿ ಫೋನು ಮಾಡಿದಳು. “ಹಿಂದುಗಡೆ ಅಲ್ಲ ಬೀಗಿತ್ತಿ, ಅಂಗಡಿಗೇ ಬನ್ನಿ. ಮಗೂಗೆ ಬಟ್ಟೆ ನೀವೇ ಆರಿಸ್ಬೇಕು. ಬರೋವಾಗ ನಿಮ್ಮ ಗಟ್ಟಿ ಮೊಸರು ತನ್ನಿ, ನನ್ನ ಹೊಟ್ಟೆಗೆ ಅದೊಂದೇ ಒಗ್ಗೋದು.” ಓರಗಿತ್ತಿ ನನ್ನನ್ನೂ ಹೊರಡಿಸಿದಳು. ಹೊರಡುವ ಮುಂಚೆ ಗೋಡೆಯ ಮುಂದೆ ನಿಂತಳು. ಮೂಸಿ, “ಮಲ್ಲಿಗೆ ಬಳ್ಳಿ ಥರ ಇದ್ದೀಯ, ನಡಿ,” ಎಂದೆ.

ಬಟ್ಟೆ ಅಂಗಡಿ ನಿಮಗೆ ಗೊತ್ತಲ್ಲ. ಗಾಜಿನ ಬಾಗಿಲು, ಏಸಿ ಇರುವುದರಿಂದ ಕಿಟಕಿಗಳೆಲ್ಲ ಮುಚ್ಚಿ, ಸೂರಿನವರೆಗೆ ಥಾನುಗಳು. ಮದುವೆಯ ಬಟ್ಟೆ ಕೊಳ್ಳಲು ಬಂದ ಒಂದು ಕುಟುಂಬ ಮೇಜಿನ ತುಂಬ ರೇಷ್ಮೆ ಹರಡಿಕೊಂಡು ಕುಳಿತಿತ್ತು. ಮಗಳು ಮಗುವನ್ನು ಎತ್ತಿಕೊಂಡು ನಗುತ್ತಾ ಬಂದಳು. ಬೀಗಿತ್ತಿ ಡಬ್ಬಿ ಇಸಿದುಕೊಂಡು ಆ ಗಿರಾಕಿಗಳಿಗೂ ತೋರಿಸಿದಳು.

“ನಮ್ಮ ಸೊಸೆಯ ತಾಯಿ ಕೈಯಾರೆ ಮಾಡಿದ್ದು. ಇಡೀ ಪೇಟೆ ಹುಡುಕಿದ್ರೂ ಇಂಥದ್ದು ಸಿಗಲ್ಲ.”

ಮುಚ್ಚಳ ತೆಗೆದಳು. ಒಳಗೆ ಬಟ್ಟೆಯ ಗಂಟು, ಯಾವಾಗಲೂ ಇರುವ ಹಾಗೆ. ಎತ್ತಿ ಬಿಚ್ಚುತ್ತಾ ಮೂಗಿನ ಹತ್ತಿರ ಒಯ್ದಳು.

ಆಮೇಲೆ ನಡೆದದ್ದನ್ನು ಬರೆಯಲು ನನ್ನ ಕೈ ಈಗಲೂ ಹಿಂಜರಿಯುತ್ತದೆ. ಬೀಗಿತ್ತಿಯ ಬಾಯಿಂದ ಒಂದು ಶಬ್ದ ಬಂತು, ಗಂಟು ರೇಷ್ಮೆಯ ಮೇಲೆ ಬಿತ್ತು. ಮದುವೆ ಹುಡುಗಿ ಬಾಯಿಗೆ ಕೈಯಿಟ್ಟುಕೊಂಡು ಬಾಗಿಲಿಗೆ ಓಡಿದಳು. ಒಬ್ಬ ಮುದುಕ, “ಏನ್ರೀ ಸತ್ತಿದೆ ಇಲ್ಲಿ?” ಎಂದು ಕೂಗಿದ. ಎಲ್ಲರ ಮುಖ ಕಿವುಚಿಹೋಗಿತ್ತು. ಅಷ್ಟು ಜನರ ನಡುವೆ ನನ್ನ ಓರಗಿತ್ತಿ ಒಬ್ಬಳು ಬಂದಾಗಿನ ನಗು ನಗುತ್ತಲೇ ನಿಂತಿದ್ದಳು.

“ಯಾಕೆ ಬೀಗಿತ್ತಿ? ಹುಳಿ ಆಗಿದೆಯಾ? ನಿನ್ನೆ ತಾನೇ ಕಟ್ಟಿದ್ದು...”

ಅವಳು ನನ್ನ ಕಡೆ ತಿರುಗಿದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಹೇಳದೆ ವಿಧಿಯಿರಲಿಲ್ಲ.

“ಅದು ಮೊಸರಲ್ಲ ಕಣೇ. ಹೋತದ ಬಟ್ಟೆ.”

ಆ ನಗು ಅವಳ ಮುಖದಿಂದ ಇಳಿಯಲು ಎಷ್ಟೋ ಹೊತ್ತು ಹಿಡಿಯಿತು. ಮಗಳು ಮಗುವಿನ ಮುಖವನ್ನು ಹೆಗಲಿಗೆ ಒತ್ತಿಕೊಂಡು ಒಳಗೆ ಹೋಗಿ ಪರದೆ ಎಳೆದಳು. ಓರಗಿತ್ತಿ ಬಗ್ಗಿ ಆ ಗಂಟನ್ನು ಎತ್ತಿ, ಮತ್ತೆ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಎಲ್ಲರಿಗೂ ಕೈಮುಗಿದಳು. ಬೀಗಿತ್ತಿ ಮೂಗಿಗೆ ಸೆರಗು ಹಿಡಿದುಕೊಂಡೇ, “ಹೋಗ್ಲಿ ಬಿಡಿ, ಪರವಾಗಿಲ್ಲ,” ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಸ್ಸಿನಲ್ಲಿ ಅವಳು ಹೇಳಿದ್ದು ಇಷ್ಟು. ಬೆಳಿಗ್ಗೆ ಒಂದು ಮೇಕೆ ಕೂಗಾಡುತ್ತಿತ್ತು. ಬೆದೆಯೋ ಏನೋ ಎಂದು ಹೋತದ ಬಟ್ಟೆಯ ಡಬ್ಬಿ ಹಿಡಿದು ನೋಡಿದ್ದಳು. ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ಅದನ್ನೂ ತಂದು ಅಡುಗೆಮನೆಯ ಕಿಟಕಿಯಲ್ಲೇ ಇಟ್ಟಿದ್ದಳು. ಬೇರೆ ಯಾರೇ ಆಗಿದ್ದರೂ ಮುಚ್ಚಳ ಒಂದಿಷ್ಟು ಸಡಿಲಿಸಿದ್ದರೆ ಸಾಕಾಗಿತ್ತು. ಅವಳು ಸಡಿಲಿಸಿಯೂ ನೋಡಿದ್ದಳು. ಗಂಟು ಕಂಡಿತ್ತು.

ಆಮೇಲೆ ಫೋನಿನಲ್ಲಿ ಬೀಗಿತ್ತಿಯ ಮಾತು ಬಂತು. “ನೀವು ಯಾಕೆ ಅಷ್ಟು ದೂರ ತೊಂದ್ರೆ ತಗೋತೀರಿ? ಮಗೂನ ನಾವೇ ಕರ್ಕೊಂಡು ಬರ್ತೀವಿ.” ನಯವಾದ ಮಾತು, ಬಾಗಿಲು ಹಾಕಿದ ಸದ್ದು ಕೂಡ ಕೇಳಲಿಲ್ಲ. ಮಗಳು ಅಪರೂಪಕ್ಕೆ ಮಗುವಿನ ಜೊತೆ ಬರುತ್ತಿದ್ದಳು. ಬಂದಾಗ ಓರಗಿತ್ತಿ ತನ್ನ ಮನೆಗೆ ಕರೆಯದೆ ನಮ್ಮ ಜಗಲಿಗೆ ಬಂದು, ಅತ್ತ ಕೊನೆಯ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಮಗು ಅಂಬೆಗಾಲಿಟ್ಟು ಹತ್ತಿರ ಬಂದರೆ ತಾನು ಎದ್ದು ಹೊಸಿಲಾಚೆ ನಿಲ್ಲುತ್ತಿದ್ದಳು. “ಬಾಮ್ಮಾ, ಎತ್ಕೋ,” ಎಂದು ಮಗಳೂ ಕರೆಯುತ್ತಿದ್ದಳು. ಆದರೆ ಹಾಗೆ ಕರೆಯುವ ಮೊದಲು ಅವಳು ಒಂದು ಉಸಿರು ಹಿಡಿಯುತ್ತಿದ್ದಳು. ಅದನ್ನು ನಾನು ನೋಡಿದ ಹಾಗೆ ತಾಯಿಯೂ ನೋಡಿದ್ದಳು.

“ನಿನ್ನ ಹತ್ರ ಏನೂ ಇಲ್ಲ ಕಣೇ, ನನ್ನಾಣೆ,” ಎಂದೆ ಒಂದು ದಿನ.

“ನೀನು ಅವತ್ತೂ ಏನೂ ಇಲ್ಲ ಅಂದಿದ್ದೆ.”

“ಡಬ್ಬಿ ಮುಚ್ಚಿತ್ತಲ್ಲೇ!”

“ಇರ್ಬಹುದು ಅಕ್ಕಾ. ಆದ್ರೂ.”

ಮತ್ತೆಂದೂ ನನ್ನ ಅಡುಗೆಮನೆಯಲ್ಲಿ ಬಂದು ನಿಲ್ಲಲಿಲ್ಲ. ಮೇಕೆಗಳನ್ನು ಮಾತ್ರ ಬಿಡಲಿಲ್ಲ. ಹಾಲಿಗೀಗ ಯಾವ ವಾಸನೆಯೂ ಇರಲಿಲ್ಲ, ಗಿರಾಕಿಗಳು ತಾವಾಗಿ ಪಾತ್ರೆ ಹಿಡಿದು ಬರುತ್ತಿದ್ದರು. ಅವಳು ಪಾತ್ರೆಗೆ ಹಾಲು ಹೊಯ್ದು ಅದನ್ನು ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯುವಳು. ಕೈಗೆ ಕೊಡುತ್ತಿರಲಿಲ್ಲ.

ಎದೆಯಲ್ಲಿ ಕಫ ಕಟ್ಟಿ ಮೇಲೇಳದ ಹಾಗಾದಾಗ ನಮ್ಮ ಮುಂದಿನ ಕೋಣೆಗೆ ತಂದು ಮಲಗಿಸಿಕೊಂಡೆ. ಮೇಕೆಗಳ ಹಾಲನ್ನು ನಾನೇ ಕರೆದೆ. ವೈದ್ಯರು ನೋಡಿ, ಮಗಳಿಗೆ ತಿಳಿಸಿ ಎಂದರು. ಮಗಳು ಬಂದಳು. ಬಂದವಳು ಚಪ್ಪಲಿ ಬಿಚ್ಚುವುದೂ ನೆನಪಿಲ್ಲದೆ ಹಾಸಿಗೆಗೆ ಬಿದ್ದು, ತಾಯಿಯ ಕತ್ತಿನಲ್ಲಿ ಮುಖವಿಟ್ಟು ಅತ್ತಳು. ಸಂಜೆಯವರೆಗೂ ಅದೇ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಆ ಹೊತ್ತಿಗೆ ಓರಗಿತ್ತಿಗೆ ಮಾತು ನಿಂತಿತ್ತು. ಮಗಳ ಕೈ ಹಿಡಿದದ್ದು ಅವಳಿಗೆ ತಿಳಿಯಿತೋ ಇಲ್ಲವೋ ನಾನು ಹೇಳಲಾರೆ. ಬೆಳಗಾಗುವಷ್ಟರಲ್ಲಿ ಹೋದಳು.

ಅವಳು ನನ್ನೊಡನೆ ಕೊನೆಯದಾಗಿ ಮಾತಾಡಿದ್ದು ಅದಕ್ಕೆ ಮುಂಚೆ, ಹೊರಗೆ ಮಗಳ ಕಾರು ನಿಂತ ಸದ್ದಾದಾಗ. ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು. ಉಸಿರು ಸಾಲದೆ ಒಂದೊಂದೇ ಮಾತು.

“ಅಕ್ಕಾ, ಅವಳು ಒಳಗೆ ಬರ್ತಾಳಲ್ಲ, ಅವಳ ಮುಖ ನೋಡ್ತಿರು. ಉಸಿರು ಹಿಡಿದ್ರೆ ನನ್ನ ಕಾಲು ಮುಟ್ಟು. ನಿದ್ದೆ ಬಂದವಳ ಥರ ಕಣ್ಣು ಮುಚ್ಕೋತೀನಿ. ಅವಳಿಗೆ ಎದ್ದು ಹೋಗೋಕೆ ಸುಲಭ ಆಗುತ್ತೆ.”