ಒಳಪುಟದ ಮೂಲೆಯನ್ನು ಹೊರಗೆ ಮಡಚುವ ಪೇಪರಕ್ಕ

ಇನ್ನೂ ಬೆಳಕು ಹರಿದಿಲ್ಲ. ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಕುಳಿತು, ಮನೆಮನೆಗೆ ಪೇಪರ್ ಹಾಕುವ ಪೇಪರಕ್ಕ ಪತ್ರಿಕೆಗಳ ಕಟ್ಟು ಬಿಚ್ಚುತ್ತಾರೆ. ಮೊದಲ ಪುಟದತ್ತ ಕಣ್ಣೂ ಹಾಯಿಸುವುದಿಲ್ಲ. ಒಳಪುಟದ ಮೂಲೆಯಲ್ಲಿ, ಜಾಹೀರಾತಿನ ಕೆಳಗೆ 'ತಿದ್ದುಪಡಿ' ಇದ್ದರೆ ಅಂದು ಕೆಲಸ ಹೆಚ್ಚು. ಪ್ರತಿಯೊಂದನ್ನೂ ಬಿಡಿಸಿ, ಆ ಮೂಲೆ ಮೇಲೆ ಕಾಣುವಂತೆ ತಿರುವಿ ಮಡಚಬೇಕು. ಬೆರಳ ತುದಿಗಳಿಗೆ ಶಾಯಿ ಹತ್ತಿ ಕಪ್ಪಾಗಿದೆ.

"ತಪ್ಪು ಸುದ್ದಿ ಮೊದಲ ಪುಟದಲ್ಲಿ ಹಾಕ್ತಾರೆ, ತಪ್ಪಾಯ್ತು ಅನ್ನೋದನ್ನ ಮೂಲೇಲಿ ತುರುಕ್ತಾರೆ. ಯಾರ ಕಣ್ಣಿಗೆ ಬೀಳ್ಬೇಕು ಅದು?"

ಈ ಹಠಕ್ಕೆ ಕಾರಣ ಅವರ ಮಗಳಿಗೆ ವಿಜ್ಞಾನ ಕಲಿಸಿದ ಮೇಷ್ಟ್ರು. ಪ್ರಶ್ನೆಪತ್ರಿಕೆ ಮಾರಿಕೊಂಡರೆಂದು ಪತ್ರಿಕೆ ಅವರ ಬಗ್ಗೆ ಫೋಟೊ ಸಮೇತ ಬರೆಯಿತು. ಶಾಲೆ ಅಂದೇ ಅವರನ್ನು ಮನೆಗೆ ಕಳಿಸಿ ಕೈತೊಳೆದುಕೊಂಡಿತು. ಮಾರಿದವರು ಬೇರೆ ಎಂದು ವಿಚಾರಣೆಯಲ್ಲಿ ತಿಳಿಯುವ ಹೊತ್ತಿಗೆ ಊರೆಲ್ಲ ತೀರ್ಪು ಕೊಟ್ಟಾಗಿತ್ತು. ಪತ್ರಿಕೆಯ ತಿದ್ದುಪಡಿ ನಾಲ್ಕೇ ಸಾಲು. ಅದನ್ನಾದರೂ ನೋಟಿಸ್ ಬೋರ್ಡಿಗೆ ಹಚ್ಚಿ ಎಂದು ಪೇಪರಕ್ಕ ಶಾಲೆಗೆ ಹೋಗಿ ಕೇಳಿದರೆ, "ಹಳೇದನ್ನ ಯಾಕೆ ಕೆದಕ್ತೀರಮ್ಮಾ, ಬಿಡಿ" ಎಂದರಂತೆ ಮುಖ್ಯೋಪಾಧ್ಯಾಯಿನಿ. ಮೇಷ್ಟ್ರನ್ನು ಮತ್ತೆ ಕರೆಯಲೂ ಇಲ್ಲ.

"ಅವತ್ತು ಮೇಷ್ಟ್ರ ಫೋಟೊ ಮೇಲೆ ಬರೋ ಹಾಗೆ ಮಡಚಿದ್ದು ಇದೇ ಕೈ. ಬಸ್ ಸ್ಟಾಪಲ್ಲಿ ಎತ್ತಿ ಹಿಡ್ಕೊಂಡು ನಿಂತಿದ್ದೆ. ಬಿಸಿಬಿಸಿಯಾಗಿ ಖರ್ಚಾಯ್ತು" ಎನ್ನುವಾಗ ಅವರ ದನಿ ಇಳಿಯುತ್ತದೆ. ಪತ್ರಿಕೆಯವರಿಗೂ ಶಾಲೆಯವರಿಗೂ ಇಲ್ಲದ ನಾಚಿಕೆ ಈ ಒಬ್ಬ ಹೆಂಗಸಿನ ತಲೆಯ ಮೇಲೆ ಬಂದು ಕೂತಿದೆ.

ಹೀಗೆ ಮೂಲೆ ಹೊರಗೆ ಮಡಚುವುದರಿಂದ ಊರು ಬದಲಾಗಿದೆ ಎಂದು ಬರೆದರೆ ಅದೂ ಸುಳ್ಳು ಸುದ್ದಿಯೇ. "ಪೇಪರಲ್ಲಿ ಬರೋದೆಲ್ಲ ಬುರುಡೆ" ಎಂದು ಚಂದಾ ನಿಲ್ಲಿಸುವ ಮನೆಗಳು ಹೆಚ್ಚುತ್ತಿವೆ. ಶಾಲೆಯ ಪೋಷಕರ ಸಭೆಯಲ್ಲಿ ಜನರಿಗಿಂತ ಖಾಲಿ ಕುರ್ಚಿಗಳೇ ಜಾಸ್ತಿ. ಮಡಿಕೆ ಕೆಡಿಸಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಪತ್ರಿಕೆಯ ಏಜೆಂಟ್ ಗುರುಗುಟ್ಟುತ್ತಾನೆ. ಮೇಷ್ಟ್ರ ಬಗ್ಗೆ ತಿದ್ದುಪಡಿ ಬಂದ ದಿನ ಒಬ್ಬಳೇ ಒಬ್ಬ ಅಜ್ಜಿ ಅದನ್ನು ಓದಿ ತನ್ನ ಮನೆಯ ಗೇಟಿನವರೆಗೆ ಬಂದು, "ಹಾಗಾದ್ರೆ ಆ ಮೇಷ್ಟ್ರು ಮಾಡಿಲ್ವೇನೇ?" ಎಂದು ಕೇಳಿದ್ದಳು. ಇಬ್ಬರೂ ಅಲ್ಲೇ ನಿಂತು ತುಂಬಾ ಹೊತ್ತು ಮಾತಾಡಿದರಂತೆ.

ಕೊನೆಯ ಮನೆ ಮೇಷ್ಟ್ರದು. ಕಿಟಕಿ ಮುಚ್ಚಿದೆ. ಅವರು ಪೇಪರ್ ಬೇಡವೆಂದಿದ್ದರೂ ಪೇಪರಕ್ಕ ತಮ್ಮ ದುಡ್ಡಲ್ಲೇ ಹಾಕುತ್ತಾರೆ. ನಿನ್ನೆಯದು ಹೊಸ್ತಿಲಲ್ಲಿ ಹಾಗೇ ಬಿದ್ದಿದೆ. ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡು ಇಂದಿನದನ್ನು ಇಡುತ್ತಾರೆ.

"ಮೊದಲೆಲ್ಲ ಇಲ್ಲೇ ನಿಂತು ಕಾಯೋರು. ಸ್ವಲ್ಪ ತಡ ಆದ್ರೂ ಬೈಯೋರು" ಎಂದು ಸೈಕಲ್ ತಿರುಗಿಸುತ್ತಾರೆ. "ಒಂದ್ಸಲ ಬಾಗಿಲು ತೆಗೆದು ಬೈದ್ರೆ ಸಾಕು ನಂಗೆ."